ಜಾನ್ ಎಂಬುವರ ಅಪ್ಪಂದಿರು

ಮ್ಯಾಗ್ನೋಲಿಯಾ ಮೋಟೆಲ್ಲಿನ ಕೌಂಟರಿನಲ್ಲಿ ಯಾರು ಕೂತರೂ ಅವನ ಹೆಸರು ಜಾನ್. ಇದು ಮಾಲೀಕ ಡಾಕ್ಟರ್ ಕೇಶವಮೂರ್ತಿಯ ಕಾನೂನು. ಕಂದು ಬಣ್ಣದ ಪ್ಲಾಸ್ಟಿಕ್ ಬಿಲ್ಲೆ, ಅದರ ಮೇಲೆ ಬಿಳಿಯ ಇಂಗ್ಲಿಷ್ ಅಕ್ಷರ, ಹಿಂದೆ ಒಂದು ಪಿನ್ನು. ಅಶ್ವತ್ಥ ಬರುವ ಮೊದಲು ಅದನ್ನು ಒಬ್ಬ ತೆಲುಗಿನವನು ಚುಚ್ಚಿಕೊಳ್ಳುತ್ತಿದ್ದ. ಅವನಿಗೂ ಮೊದಲು ಯಾರೋ ಬಾಂಗ್ಲಾದವನು. ಆಳುಗಳು ಬಂದರು, ಹೋದರು, ಜಾನ್ ಮಾತ್ರ ಕೌಂಟರಿನಲ್ಲೇ ಉಳಿದ.

"ನೋಡಪ್ಪಾ, ಹೈವೇಯಿಂದ ಇಳಿದು ಬರೋರು ಮೊದಲು ನಿನ್ನ ಎದೆ ಮೇಲಿನ ಹೆಸರು ನೋಡ್ತಾರೆ," ಎಂದಿದ್ದರು ಡಾಕ್ಟರು. "ಅಶ್ವತ್ಥ ಅಂತ ಇದ್ರೆ ಕಾರ್ ರಿವರ್ಸ್ ಮಾಡ್ಕೊಂಡು ಎದುರುಗಡೆ ಮೋಟೆಲ್ಲಿಗೆ ಹೋಗ್ತಾರೆ. ಅವನು ಬೋರ್ಡ್ ಹಾಕಿದಾನೆ ನೋಡು, ಇದು ಅಮೆರಿಕನ್ನರದೇ ಅಂತ. ಒಂದು ಬಿಲ್ಲೆ ಹಾಕ್ಕೊಂಡ್ರೆ ನಿನ್ನ ಗಂಟೇನು ಹೋಗುತ್ತೆ?"

ಅಶ್ವತ್ಥನ ಗಂಟು ಆಗಲೇ ಹೋಗಿತ್ತು. ಡಾಕ್ಟರು ಅವನನ್ನು ಮಳವಳ್ಳಿಯ ಕಡೆಯಿಂದ ಕರೆಸಿಕೊಂಡದ್ದು ವಾಷಿಂಗ್ಟನ್ನಿನ ಹತ್ತಿರದ ಗೈದರ್ಸ್‌ಬರ್ಗಿನ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ತಮ್ಮ ತಾಯಿಯನ್ನು ಎತ್ತಿ ಇಳಿಸುವುದಕ್ಕೆ. ಮುದುಕಿಗೆ ಆ ಚಳಿ ಒಗ್ಗಲಿಲ್ಲ, ಮೈಸೂರಿಗೆ ವಾಪಸು ಹೊರಟಿತು. ಇವನನ್ನು ಮಾತ್ರ ಕಾರಿನಲ್ಲಿ ಕೂರಿಸಿ, ಇಡೀ ವರ್ಜೀನಿಯಾ ದಾಟಿಸಿ, ದಕ್ಷಿಣ ಕೆರೊಲಿನಾದ ಈ ಮೋಟೆಲ್ಲಿನ ಮುಂದೆ ಇಳಿಸಿದರು. ಪಾಸ್‌ಪೋರ್ಟು ಗೈದರ್ಸ್‌ಬರ್ಗಿನಲ್ಲೇ ಡಾಕ್ಟರ ಬೀರುವಿನಲ್ಲಿ ಉಳಿಯಿತು. ಮಾಗಿಯಲ್ಲಿ ಅಪ್ಪ ಸತ್ತ ಸುದ್ದಿ ಬಂದಾಗ ಇವನು ಫೋನಿನಲ್ಲಿ ಪಾಸ್‌ಪೋರ್ಟ್ ಕೇಳಿದ. "ಈಗ ಹೋದ್ರೆ ವಾಪಸ್ ಬರಕ್ಕಾಗಲ್ಲ ಕಣೋ. ಅಲ್ದೆ ಮಣ್ಣು ಮಾಡಿ ಆಯ್ತಂತಲ್ಲ, ಹೋಗಿ ಮಾಡೋದೇನು?" ಎಂದರು. ಅವತ್ತು ಅಶ್ವತ್ಥ ಫೋನು ಇಟ್ಟ ರಭಸಕ್ಕೆ ಅದರ ಹಿಡಿ ಸೀಳಿತು. ಆ ಸೀಳಿಗೆ ಟೇಪು ಸುತ್ತಿ ಅದೇ ಫೋನಿನಲ್ಲಿ ಮತ್ತೆ "ದಿಸ್ ಈಸ್ ಜಾನ್" ಅನ್ನತೊಡಗಿದ. ದಿನಕ್ಕೆ ಎಷ್ಟು ಸಲವೋ. ಹಲ್ಲು ಕಚ್ಚಿಕೊಂಡು.

ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟು, ಆಲೆಮನೆಯಲ್ಲಿ ಅಪ್ಪನ ಜೊತೆ ಕೊಪ್ಪರಿಗೆಯ ಕೆಳಗೆ ಬೆಂಕಿ ಹಾಕಿದವನಿಗೆ ಇಂಗ್ಲಿಷಿನ ಯಾವ ಹೆಸರಾದರೇನು. ಆದರೆ ಈ ಹೆಸರಿನ ಸಂಗತಿ ಒಂದೊಂದೇ ಬಿಚ್ಚಿಕೊಳ್ಳುತ್ತ ಬಂತು. ಲಾರಿ ಡ್ರೈವರೊಬ್ಬ ನುಗ್ಗಿ ಬಂದು "ಜಾನ್ ಎಲ್ಲಿ?" ಅಂದಾಗ ಇವನು ಎದೆ ಮುಟ್ಟಿಕೊಂಡು "ನಾನೇ" ಅಂದ, ಡ್ರೈವರು ಹೊಟ್ಟೆ ಹಿಡಿದುಕೊಂಡು ನಕ್ಕ, ಅವನು ಕೇಳಿದ್ದು ಕಕ್ಕಸು. ಒಂಬತ್ತನೇ ರೂಮಿಗೆ ಬರುವ ಹೆಂಗಸರು ತಮ್ಮ ಗಿರಾಕಿಗಳನ್ನೂ ಜಾನ್ ಅನ್ನುತ್ತಾರೆಂದು ಆಮೇಲೆ ಗೊತ್ತಾಯಿತು. ಸೇತುವೆಯ ಕೆಳಗೆ ಸಿಕ್ಕಿದ ಹೆಣದ ಬಗ್ಗೆ ವಿಚಾರಿಸಲು ಬಂದ ಪೊಲೀಸನವನು ಆ ಹೆಣವನ್ನೂ ಜಾನ್ ಅಂದ. ಗುರುತು ಸಿಗದ ಹೆಣಕ್ಕೆ ಈ ದೇಶದಲ್ಲಿ ಇಡುವ ಹೆಸರು ಅದೇ ಅಂತೆ.

"ಲೋಕದಾಗೆ ಎಷ್ಟು ಹೆಸ್ರವೆ! ಈ ನನ್ಮಗಂದು ಇದೇ ಬೇಕಾಗಿತ್ತಾ?" ಎಂದು ಅಶ್ವತ್ಥ ಗೋಡೆಯ ಹತ್ತಿರ ಬೈದುಕೊಂಡ.

ಒಳ್ಳೆಯ ಜಾನ್‌ಗಳನ್ನು ತೋರಿಸಿಕೊಟ್ಟವಳು ರೂಮು ಗುಡಿಸುವ ಅರ್ನೆಸ್ಟೀನ್. ಆ ಸೀಮೆಯಲ್ಲೇ ಹುಟ್ಟಿ ಬೆಳೆದ ಕಪ್ಪು ಹೆಂಗಸು, ಅರವತ್ತು ದಾಟಿದ್ದಳು. ಅವಳ ಇಂಗ್ಲಿಷು ಅಶ್ವತ್ಥನಿಗೆ ಅರ್ಧ ಕಿವಿಗೆ ಬೀಳುತ್ತಿತ್ತು, ಇನ್ನರ್ಧವನ್ನು ಅವನು ಅಂದಾಜು ಮಾಡಿಕೊಳ್ಳುತ್ತಿದ್ದ. ಬೈಬಲಿನಲ್ಲಿ ಜೋರ್ಡನ್ ನದಿಯಲ್ಲಿ ನಿಂತು ಜನರಿಗೆ ಸ್ನಾನ ಮಾಡಿಸಿದವನು ಜಾನ್, ರಾಜನಿಗೆ ನಿಜ ಹೇಳಿ ತಲೆ ಕಳೆದುಕೊಂಡವನು. ಗುಡ್ಡ ಕೊರೆಯುವ ಯಂತ್ರದ ಎದುರು ಪಂದ್ಯ ಕಟ್ಟಿ, ಗೆದ್ದು, ಸುತ್ತಿಗೆ ಹಿಡಿದೇ ಸತ್ತ ಕೂಲಿಯವನೂ ಜಾನ್. ಗುಂಡೇಟು ತಿಂದ ಆ ಪ್ರೆಸಿಡೆಂಟೂ ಜಾನೇ. ಅವನ ಗೋರಿಯ ಮೇಲೆ ಆರದೆ ಉರಿಯುವ ಬೆಂಕಿಯನ್ನು ವಾಷಿಂಗ್ಟನ್ನಿನ ಹೊಳೆಯಾಚೆ ಡಾಕ್ಟರೇ ಇವನಿಗೆ ಒಮ್ಮೆ ತೋರಿಸಿದ್ದರು. ಅರ್ನೆಸ್ಟೀನ್ ಅಂದಳು, "ನಮ್ಮ ಕಡೆ ಮನೆಗೊಬ್ಬ ಜಾನ್ ಇರ್ತಾನೆ ಮಗಾ. ನನ್ನ ತಮ್ಮನೂ ಜಾನೇ. ಡೆಟ್ರಾಯಿಟ್‌ನಲ್ಲಿದ್ದಾನೆ, ಫೋನೂ ಮಾಡಲ್ಲ ಹಾಳಾದವನು. ಆ ಹೆಸರಿಗೆ ದೇವರು ಕರುಣೆ ತೋರಿದ ಅಂತ ಅರ್ಥ."

"ಕರುಣೆ ತೋರಿದ್ದು ನಿಮ್ಮ ದೇವರು. ಪಿನ್ನು ಚುಚ್ಚಿದ್ದು ನಮ್ಮ ಡಾಕ್ಟರು," ಅಂದ ಅಶ್ವತ್ಥ. ಅವಳು ಬಕೆಟ್ಟು ಕೆಳಗಿಟ್ಟು ನಕ್ಕಳು.

ಆಟ್ಲಾಂಟಾದಲ್ಲಿ ಒಲಿಂಪಿಕ್ಸ್ ನಡೆದ ವರ್ಷ ಅದು. ಅಕ್ಟೋಬರಿನಲ್ಲಿ ಪಿತೃಪಕ್ಷದ ಅಮಾವಾಸ್ಯೆ ಬಂತು. ಅಪ್ಪನಿಗೆ ಮೊದಲನೆಯ ವರ್ಷದ ಎಡೆ. ಮಣ್ಣಿಗೆ ಹೋಗಲಾಗಲಿಲ್ಲ, ತಿಥಿಗೆ ಹೋಗಲಾಗಲಿಲ್ಲ. ಇದಾದರೂ ತನ್ನ ಕೈಯಿಂದ ಆಗಲೇಬೇಕು, ಅಪ್ಪ ಹಸಿದು ಹೋಗಬಾರದು ಅಂತ ಅಶ್ವತ್ಥ ಹಟ ಹಿಡಿದ. ಊರಿನ ಎಸ್‌ಟಿಡಿ ಬೂತಿಗೆ ಅವ್ವನನ್ನು ಕರೆಸಿ ಕೇಳಿದ.

"ಒಂದೇ ದಪ ಕರಿ," ಅಂದಳು ಅವ್ವ. "ಅಪ್ಪನ ಹೆಸ್ರು ಮಗ ಎತ್ತಬಾರ್ದು, ನಿನ್ ಹೆಸ್ರು ಯೋಳಿ ಕರಿ. ಸತ್ತೋರ್ಗೆ ಮೊಕದ ಗುರ್ತು ಸಿಕ್ಕಕಿಲ್ಲ ಕಣ್ ಮಗ. ಹೆಸ್ರು ಹಿಡ್ಕಂಡು ಬತ್ತಾರೆ. ಕರ್ದೋರ ಮನೇಲಿ ಬುಟ್ರೆ ಬ್ಯಾರೆ ಕಡೆ ತುತ್ತೂ ಮುಟ್ಟಕಿಲ್ಲ."

ಆ ವಾರ ಹೈವೇಯಿಂದ ಮೋಟೆಲ್ಲಿಗೆ ಇಳಿಯುವ ದಾರಿಯನ್ನು ಡಾಂಬರು ಹಾಕಲೆಂದು ಮುಚ್ಚಿದ್ದರು. ಅಡ್ಡಲಾಗಿ ಕಿತ್ತಳೆ ಬಣ್ಣದ ಡ್ರಮ್ಮುಗಳ ಸಾಲು. ಒಂದು ಗಿರಾಕಿಯಿಲ್ಲ, ಪಾರ್ಕಿಂಗಿನಲ್ಲಿ ಒಂದು ಕಾರಿಲ್ಲ. ಮೇಲೆ ಹೆದ್ದಾರಿ ಭೋರಿಡುತ್ತಿತ್ತು, ಕೆಳಗೆ ಮೋಟೆಲ್ಲು ಬಿಕೋ ಅನ್ನುತ್ತಿತ್ತು. ಮ್ಯಾನೇಜರ್ ಶೇಷಾದ್ರಿ ಮತ್ತವರ ಹೆಂಡತಿ ಜಯಾ, ಸದ್ಯ ಬಿಡುವಾಯಿತೆಂದು, ಮೋಟೆಲ್ಲಿನ ಹಿಂದಿನ ಹಳ್ಳಿ ರಸ್ತೆ ಹಿಡಿದು ಆಟ್ಲಾಂಟಾದ ದೇವಸ್ಥಾನಕ್ಕೆ ಹೊರಡುವವರಿದ್ದರು. ಮೈಸೂರಿನವರು, ಕೆಟ್ಟವರಲ್ಲ. ಹಿಂದಿನ ವಾರ ಆಟ್ಲಾಂಟಾ ಪಕ್ಕದ ನಾರ್‌ಕ್ರಾಸಿನ ಅಂಗಡಿಯಿಂದ ರಾಗಿ ಹಿಟ್ಟು ತಂದುಕೊಟ್ಟದ್ದು ಅವರೇ.

ಕೊನೆಯ ರೂಮಿನಲ್ಲಿ ಅಶ್ವತ್ಥ ಎಡೆ ಜೋಡಿಸಿದ. ಬಾಳೆ ಎಲೆಯಿಲ್ಲ, ಅಲ್ಯೂಮಿನಿಯಂ ಹಾಳೆ ಹಾಸಿದ. ಮುದ್ದೆ, ಕೋಳಿ ಸಾರು, ಅನ್ನ, ಹುರಿದ ಕಡಲೆಬೀಜ. ಬೀಡಿಯ ಬದಲು ಸಿಗರೇಟು. ಹೊಸ ಪಂಚೆಯ ಬದಲು ಮೋಟೆಲ್ಲಿನ ಬಿಳಿಯ ಟವೆಲ್ಲು. ಕರ್ಪೂರ ಹಚ್ಚಿದರೆ ಸೂರಿನ ಹೊಗೆ ಗಂಟೆ ಕಿರುಚುತ್ತದೆಂದು ಮೊದಲೇ ಕುರ್ಚಿ ಹತ್ತಿ ಅದರ ಬ್ಯಾಟರಿ ಕಿತ್ತಿದ್ದ.

ಬಾಗಿಲಲ್ಲಿ ರೇಷ್ಮೆ ಸೀರೆಯ ಸೆರಗು ಮೂಗಿಗೆ ಹಿಡಿದು ಜಯಾ ನಿಂತಿದ್ದರು. "ಅಯ್ಯೋ, ಕೋಳಿನೇನೋ! ಅಮಾವಾಸ್ಯೆ ದಿನ ನಾವು ಈರುಳ್ಳಿ ಕೂಡ ಮುಟ್ಟಲ್ಲಪ್ಪ."

"ನಮ್ಮಪ್ಪಂಗೆ ಈರುಳ್ಳಿ ಇಲ್ದೆ ಕೋಳಿ ಇಳಿಯಲ್ಲ ಆಂಟಿ."

"ಸರಿ ಸರಿ, ಕರಿ. ಇವರು ಆಗಲೇ ಕಾರ್ ಸ್ಟಾರ್ಟ್ ಮಾಡಿದಾರೆ. ನಿಮ್ಮ ಕಡೆ ಹೇಗೆ ಕರೀತಾರೆ, ನೋಡಿಯೇ ಹೋಗ್ತೀನಿ."

ಅಶ್ವತ್ಥ ಹೊಸ್ತಿಲ ಮೇಲೆ ಹೊರಗೆ ಮುಖ ಮಾಡಿ ನಿಂತ. ಖಾಲಿ ಪಾರ್ಕಿಂಗು, ಅದರಾಚೆ ಕೆಂಪು ಮಣ್ಣಿನ ದಿಬ್ಬ, ಪೈನ್ ಮರಗಳು. ಜೋರಾಗಿ ಕರೆದ. ಕರೆದು ಕಣ್ಣೊರೆಸಿಕೊಂಡ.

ಜಯಾ ಸೆರಗು ಕೆಳಗಿಳಿಸಿದರು. "ಏನೋ ಹಾಗಂದೆ?"

"ಏನಂದೆ? ಅಪ್ಪಾ, ನಿನ್ ಮಗ ಅಶ್ವತ್ಥ ಕರೀತಾವ್ನೆ, ಉಂಡು ಹೋಗು ಅಂದೆ."

"ಇಲ್ಲ ಕಣೋ. ನಿನ್ ಮಗ ಜಾನ್ ಕರೀತಾವ್ನೆ ಅಂದೆ."

"ತಮಾಷೆ ಮಾಡ್ಬೇಡಿ ಆಂಟಿ."

"ದೇವರಾಣೆ! ಪಕ್ಕದಲ್ಲೇ ನಿಂತಿದ್ದೀನಿ, ನಂಗೆ ಕಿವುಡಾ? ಹೋಗ್ಲಿ ಬಿಡು, ಅಪ್ಪನಿಗೆ ಮಗ ಗೊತ್ತಾಗಲ್ವಾ." ಹಾರನ್ನು ಕೇಳಿತು. ಜಯಾ ಸೀರೆಯ ನೆರಿಗೆ ಎತ್ತಿಕೊಂಡು ಓಡಿದರು.

ಕಾರು ಹೋದಮೇಲೆ ಅಶ್ವತ್ಥ ಬಾಯೊಳಗೆ ತನ್ನ ನಾಲಿಗೆಯನ್ನೇ ತಡಕಿಕೊಂಡ. ಅದು ಏನು ಅಂದಿತ್ತೋ ಅವನಿಗೆ ನೆನಪೇ ಇರಲಿಲ್ಲ. ಇನ್ನೊಂದು ಸಲ ಕರೆಯುವ ಹಾಗಿಲ್ಲ. ರೂಮಿನ ಬಾಗಿಲೆಳೆದುಕೊಂಡು, ಹೊರಗಿನ ಪಡಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತ. ಅಪ್ಪ ಉಣ್ಣುವಷ್ಟು ಹೊತ್ತು ಕಾಯಬೇಕು, ಆಮೇಲೆ ಕೆಮ್ಮಿ ಒಳಗೆ ಹೋಗಬೇಕು.

ಬಿಸಿಲು ಇಳಿಯುತ್ತಿತ್ತು. ಮುಚ್ಚಿದ ದಾರಿಯಲ್ಲಿ, ಡ್ರಮ್ಮುಗಳ ನಡುವೆ, ಒಬ್ಬ ಮುದುಕ ನಡೆದು ಬಂದ. ಬಿಳಿಯ. ರೈತರು ಹಾಕುವ ನೀಲಿ ದೊಗಲೆ ಉಡುಪು, ಟೋಪಿ ಕೈಯಲ್ಲಿ. ಕಾರು ಕೆಟ್ಟಿರಬೇಕು ಅಂದುಕೊಂಡ ಅಶ್ವತ್ಥ.

"ಜಾನ್ ಇದ್ದಾನಾ?" ಮುದುಕ ಕೇಳಿದ. "ನನ್ನ ಮಗ. ಊಟಕ್ಕೆ ಕರೆದ."

"ಇಲ್ಲಿ ಯಾವ ಜಾನೂ ಇಲ್ಲ."

ಮುದುಕ ಬಿಲ್ಲೆಯ ಮೇಲೆ ಕಣ್ಣಿಟ್ಟ. ಆಮೇಲೆ ಮುಖದ ಮೇಲೆ. ಆ ಕಣ್ಣುಗಳು ನೋಡುತ್ತಿದ್ದವು, ಆದರೆ ಏನನ್ನೂ ಹಿಡಿಯುತ್ತಿರಲಿಲ್ಲ. "ಕರೆದ. ಕೇಳಿಸಿತು," ಅಂದು ಗೋಡೆಗೆ ಬೆನ್ನು ಕೊಟ್ಟು ನಿಂತ. ಅವನ ಬೂಟಿಗೆ ಮೆತ್ತಿದ ಕೆಂಪು ಮಣ್ಣು ಹಸಿಯಾಗಿತ್ತು. ಮಳೆ ಬಿದ್ದು ವಾರಗಳೇ ಆಗಿದ್ದವು.

ಅಶ್ವತ್ಥ ಎದ್ದು ನೋಡಿದ. ಡ್ರಮ್ಮುಗಳ ನಡುವೆ ಇನ್ನೊಬ್ಬ ಬರುತ್ತಿದ್ದ. ಅವನ ಹಿಂದೆ ಮತ್ತಿಬ್ಬರು. ಗಿರಣಿಯ ಅರಳೆಯ ಧೂಳು ತಲೆ ತುಂಬ ಮೆತ್ತಿಕೊಂಡವನು. ಯಾವ ಕಾಲದ್ದೋ ಸಿಪಾಯಿ ಕೋಟು ತೊಟ್ಟವನು. ಬರಿಗಾಲಿನ ಕಪ್ಪು ಮುದುಕ, ಮಣಿಕಟ್ಟಿನ ಸುತ್ತ ಹಳೆಯ ಗಾಯದ ಬಳೆ. ಬಿಳಿಯರು, ಕಪ್ಪಿನವರು ಒಂದೇ ಸಾಲಾಗಿ ಬಂದು ಗೋಡೆಗಾತು ನಿಂತರು. ಯಾರೂ ಯಾರನ್ನೂ ನೋಡಲಿಲ್ಲ. ಪ್ರತಿಯೊಬ್ಬನೂ ಅದೇ ಮೆತ್ತಗಿನ ದನಿಯಲ್ಲಿ ಕೇಳಿದ: "ಜಾನ್ ಇದ್ದಾನಾ?"

ಗೂಡ್ಸ್ ಗಾಡಿಯ ಹಾಗೆ ಗಡಗಡಿಸುತ್ತ ಅರ್ನೆಸ್ಟೀನಳ ತಳ್ಳುಗಾಡಿ ಮೂಲೆ ತಿರುಗಿತು, ನಿಂತಿತು. ಅವಳು ಸಾಲಿನ ನಡುವೆ ನಿಂತಿದ್ದ ಒಬ್ಬನನ್ನು ನೋಡುತ್ತಿದ್ದಳು. ಕರಿಯ ಸೂಟು, ಕತ್ತಿನ ಗುಂಡಿಯವರೆಗೆ ಬಿಗಿದ ಅಂಗಿ, ಚರ್ಚಿಗೆ ಹೊರಟವನ ಹಾಗಿದ್ದ.

"ಆ ಸೂಟು ಹಾಕಿಯೇ ನಾವು ಮಣ್ಣು ಮಾಡಿದ್ದು," ಅಂದಳು ಅರ್ನೆಸ್ಟೀನ್. ದನಿ ಅವಳದಾಗಿರಲಿಲ್ಲ. "ಅದು ನನ್ನ ಅಪ್ಪ." ಹತ್ತಿರ ಹೋಗಿ, "ಡ್ಯಾಡಿ, ನಾನು ಅರ್ನೆಸ್ಟೀನ್," ಅಂದಳು.

ಮುದುಕ ಪರಸ್ಥಳದ ಹೆಂಗಸಿಗೆ ತಲೆಬಾಗುವ ಹಾಗೆ ತಲೆಬಾಗಿದ. "ಜಾನ್ ಕರೆದಿದ್ದಾನೆ ಅಮ್ಮ. ಬಾಗಿಲು ಯಾವುದು?"

ಅವಳು ಅಶ್ವತ್ಥನ ತೋಳು ಹಿಡಿದು ಪಕ್ಕಕ್ಕೆಳೆದಳು. "ಏನು ಮಾಡಿದೆ ನೀನು?"

ಅವನು ತೊದಲುತ್ತ ಎಲ್ಲಾ ಹೇಳಿದ. ಎಡೆ, ಅಮಾವಾಸ್ಯೆ, ಅವ್ವನ ಮಾತು, ನಾಲಿಗೆ ಜಾರಿದ್ದು. ಅವಳು ದಿಬ್ಬದ ಕಡೆ ನೋಡಿದಳು. ಇನ್ನೂ ಬರುತ್ತಲೇ ಇದ್ದರು.

"ಯೋಚನೆ ಮಾಡದೆ ಈ ಸೀಮೆಯಲ್ಲಿ ನಿಂತು ಆ ಹೆಸರು ಹೇಳಿದೆಯಲ್ಲೋ! ಇಲ್ಲಿ ಯಾವ ಗೋರಿಯಲ್ಲಿ ಜಾನ್‌ನ ಅಪ್ಪ ಇಲ್ಲ?" ಎಂದಳು. ಕಣ್ಣೊರೆಸಿಕೊಂಡಳು. "ಆಯ್ತು. ಕರೆದಿದ್ದೀಯ. ಬಡಿಸು."

"ಆಗಲ್ಲ! ಅದು ನಮ್ಮಪ್ಪಂದು!" ಅಶ್ವತ್ಥ ಬಾಗಿಲಿಗೆ ಅಡ್ಡ ನಿಂತ. ಬಿಲ್ಲೆ ಕಿತ್ತು ಪಾರ್ಕಿಂಗಿಗೆ ಎಸೆದ. "ನಾನು ಜಾನ್ ಅಲ್ಲ! ಹೋಗಿ, ಎಲ್ಲಾ ಹೋಗಿ! ನಿಮ್ಮ ಮಕ್ಕಳ ಹತ್ರ ಹೋಗಿ!"

ಯಾರೂ ತಳ್ಳಲಿಲ್ಲ, ಯಾರೂ ಮುನಿಯಲಿಲ್ಲ. ಸುಮ್ಮನೆ ನಿಂತರು. ಮುಂದಿನವರು ಸರಿಯದೆ ಹಿಂದಿನವರು ಬರುವ ಹಾಗಿರಲಿಲ್ಲ. ಸಾಲು ಪಡಸಾಲೆ ತುಂಬಿ, ಪಾರ್ಕಿಂಗಿಗೆ ಇಳಿದು, ಡ್ರಮ್ಮುಗಳ ಹತ್ತಿರ ಮುಟ್ಟಿತ್ತು. ಆಗ ಅಶ್ವತ್ಥನಿಗೆ ಹೊಳೆಯಿತು: ಅಪ್ಪ ಬಂದರೂ ಈ ಸಾಲಿನ ಕೊನೆಯಲ್ಲೇ ಬರಬೇಕು. ಬಹಳ ದೂರದಿಂದ ಬರಬೇಕಾದವನು ಅವನೊಬ್ಬನೇ.

ಬಾಗಿಲು ತೆಗೆದ.

ಒಬ್ಬೊಬ್ಬನೂ ಹೊಸ್ತಿಲಲ್ಲಿ ನಿಂತು "ಜಾನ್?" ಅನ್ನುತ್ತಿದ್ದ. ಅಶ್ವತ್ಥ ತುಟಿ ಬಿಗಿಹಿಡಿದಿದ್ದ. ಅರ್ನೆಸ್ಟೀನೇ ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದಳು, "ಹೌದು ಸರ್, ಇವನೇ. ಒಳಗೆ ಬನ್ನಿ." ಆ ಮಾತಿಗೆ ಅವರ ಮುಖ ಸಡಿಲವಾಗುತ್ತಿತ್ತು. ಕೋಳಿಯ ಚೂರು ಬಾಯಿಗಿಟ್ಟು, ಖಾರಕ್ಕೆ ಕಣ್ಣು ತುಂಬಿಕೊಂಡು, ಅನ್ನದ ನಾಲ್ಕು ಅಗುಳು ತಿಂದು, ಗೋಡೆಯ ಕಡೆ ನಡೆದು ಇಲ್ಲವಾಗುತ್ತಿದ್ದರು. ಗೋಡೆಯ ಮೇಲೆ ಒದ್ದೆಯ ಗುರುತಷ್ಟೇ ಉಳಿಯುತ್ತಿತ್ತು. ರೂಮಿನ ತುಂಬ ತೋಡಿದ ಮಣ್ಣಿನ ವಾಸನೆ. ಮುದ್ದೆ ಏನೆಂದು ಅವರಿಗೆ ತಿಳಿಯಲಿಲ್ಲ. ದೊಗಲೆ ಉಡುಪಿನವನು ಬೆರಳಲ್ಲಿ ಅದನ್ನೊಮ್ಮೆ ಒತ್ತಿ ನೋಡಿ ಕೈ ಹಿಂದೆಗೆದ. ಎಷ್ಟು ಬಡಿಸಿದರೂ ಪಾತ್ರೆಯ ತಳದಲ್ಲಿ ಸಾರು ಇತ್ತು, ತಳ ಮಾತ್ರ ಇತ್ತು.

ಕರಿಯ ಸೂಟಿನವನಿಗೆ ಅರ್ನೆಸ್ಟೀನಳೇ ಬಾಯಿಗೆ ತುತ್ತಿಟ್ಟಳು. ಅವನು ಉಂಡು, "ನೀನು ಯಾರ ಮಗಳಮ್ಮ? ನಿನ್ನ ಕೈ ಬೆಚ್ಚಗಿದೆ," ಅಂದ. ಅವಳು ಹೊರಗೆ ಬಂದು ತಳ್ಳುಗಾಡಿಗೆ ತಲೆಯಾನಿಸಿ ನಿಂತಳು. ಆಮೇಲೆ ಏಪ್ರನ್ ಬಿಚ್ಚಿ ಮಡಿಸಿಟ್ಟಳು. "ನಾನು ತಮ್ಮನಿಗೆ ಫೋನ್ ಮಾಡಬೇಕು," ಅಂದು, ಹಿಂದಿನ ಹಳ್ಳಿ ರಸ್ತೆ ಹಿಡಿದು ಹೊರಟೇಬಿಟ್ಟಳು.

ಸಾಲು ಕರಗಿತ್ತು. ಪೈನ್ ಮರಗಳ ತುದಿಯಲ್ಲಿ ಸ್ವಲ್ಪವೇ ಬೆಳಕಿತ್ತು. ಪಾರ್ಕಿಂಗಿನ ಆ ತುದಿಯಿಂದ ಒಬ್ಬ ನಡೆದು ಬರುತ್ತಿದ್ದ. ಮೊಣಕಾಲ ಮೇಲಕ್ಕೆ ಕಟ್ಟಿದ ಪಂಚೆ, ಹೆಗಲ ಮೇಲೆ ಟವೆಲ್ಲು, ಎಡಗಾಲು ಸ್ವಲ್ಪ ಎಳೆಯುವ ನಡಿಗೆ. ಆಲೆಮನೆಯಲ್ಲಿ ಪಾಕ ಸಿಡಿದು ಸುಟ್ಟ ಕಾಲು ಅದು.

"ಅಪ್ಪೋ!" ಅಶ್ವತ್ಥ ಓಡಿದ.

ಮುದುಕ ಒಂದು ಹೆಜ್ಜೆ ಹಿಂದಕ್ಕೆ ಸರಿದು ಕೈಮುಗಿದ. "ಸ್ವಾಮೀ, ಜಾನ್ ಅನ್ನೋರ ಮನೆ ಇದೇನಾ? ಕರ್ದವ್ರೆ. ನನ್ ಮಗನಂತೆ. ಅಂಗೊಬ್ಬ ಮಗ ಇದ್ದ ಗ್ಯಾನ ನಂಗಿಲ್ಲ, ಆದ್ರೂ ಕರ್ದವ್ರಲ್ಲ ಅಂತ ಬಂದೆ."

"ನಾನು ಅಪ್ಪಾ, ಅಶ್ವತ್ಥ! ನೋಡು, ನನ್ ಮೊಕ ನೋಡು!"

ಮುದುಕ ನೋಡಿದ. ಅವನ ಕಣ್ಣು ಆ ಮುಖದ ಮೇಲೆ ಎಲ್ಲೂ ನಿಲ್ಲಲಿಲ್ಲ.

"ಅಶ್ವತ್ಥ ಅಂತ ನಂಗೊಬ್ಬವ್ನೆ. ದಿಟ. ಇದೇ ದೇಸ್ದಾಗವ್ನೆ ಅಂತಾರೆ. ಪಕ್ಸ ಹುಟ್ಟುದ್ ದಿನ್ದಿಂದ ಕಾದೆ ಸ್ವಾಮಿ, ಈಗ ಕರೀತಾನೆ, ಆಗ ಕರೀತಾನೆ ಅಂತ. ಕರೀನಿಲ್ಲ."

"ಕರ್ದೆ ಅಪ್ಪಾ! ನಾನೇ ಕರ್ದಿದ್ದು! ನಾಲ್ಗೆ ತಪ್ತು!"

"ಅವ್ನು ಕರುದ್ರೆ ನಂಗೆ ಗೊತ್ತಾಗಕಿಲ್ವಾ? ಮಡಗಿದ್ದು ನಾನೇ ಆ ಹೆಸ್ರ." ಮುದುಕನಿಗೆ ಆಯಾಸವಾದ ಹಾಗಿತ್ತು. ದೂರದ ದಾರಿ. ಮೂಗು ಅರಳಿಸಿ ರೂಮಿನ ಕಡೆಯಿಂದ ಬರುತ್ತಿದ್ದ ಸಾರಿನ ಗಮಲು ಎಳೆದುಕೊಂಡ, ಎಂಜಲು ನುಂಗಿದ. "ಜಾನ್ ಅನ್ನೋರು ಇಲ್ಲ ಅಂದ್ರೆ ಒಂಟೋಯ್ತೀನಿ ಸ್ವಾಮಿ. ಕಂಡೋರ ಮನೇಲಿ ಉಣ್ಣಂಗಿಲ್ಲ ನಾವು."

ತಿರುಗಿದ. ಕಾಲೆಳೆಯುತ್ತ ನಡೆದ. ಅಶ್ವತ್ಥ ತೋಳು ಹಿಡಿಯಲು ಹೋದ. ಕೈಗೆ ತಣ್ಣನೆ ಗಾಳಿ ಸಿಕ್ಕಿತು. ಅವನು ಯಾರ್ಯಾರನ್ನೋ ಬೈದ. ಡಾಕ್ಟರನ್ನು, ಬೀರುವನ್ನು, ಎದುರು ಮೋಟೆಲ್ಲಿನ ಬೋರ್ಡನ್ನು, ತನ್ನ ಬಾಯನ್ನು. ಮುದುಕನ ಬೆನ್ನು ದೂರವಾಗುತ್ತಲೇ ಇತ್ತು. ಇನ್ನು ಡ್ರಮ್ಮುಗಳನ್ನು ದಾಟಿದರೆ ಮುಗಿಯಿತು.

"ನಿಂತ್ಕಳಿ ಗೌಡ್ರೇ!" ಅಶ್ವತ್ಥ ಕೂಗಿದ. "ನಾನೇ ಜಾನ್."

ಮುದುಕ ನಿಂತ. ತಿರುಗಿದ. ಮುಖ ಸಡಿಲವಾಯಿತು. "ಮೊದ್ಲೇ ಯೋಳಾದಲ್ವಾ ಸ್ವಾಮಿ," ಅಂದ.

ಅಲ್ಯೂಮಿನಿಯಂ ಹಾಳೆಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತ. ಯಾರೂ ತಿನ್ನದ ಮುದ್ದೆಯನ್ನು ನೋಡಿ ಕಣ್ಣರಳಿಸಿದ. ಮುರಿದು, ಸಾರಿನಲ್ಲಿ ಹೊರಳಿಸಿ ನುಂಗಿದ. ಮುದ್ದೆ ಗಂಟಲಲ್ಲಿ ಇಳಿಯುವಾಗ ಯಾವತ್ತೂ ಮಾಡುವ ಹಾಗೆ ಎದೆಯನ್ನೊಮ್ಮೆ ಸವರಿಕೊಂಡ. ಅಶ್ವತ್ಥ ಸೌಟು ಹಿಡಿದು ಎದುರು ಕೂತಿದ್ದ.

"ನಮ್ ಕಡೇ ಕೈ ಇದು. ಉಪ್ಪು ಉಳಿ ಎಲ್ಲಾ ನಮ್ದೇ. ನಿಮ್ದು ಯಾವೂರು ಜಾನಪ್ಪ?"

"ಇಲ್ಲೇ ಗೌಡ್ರೇ. ಕೆರೊಲಿನಾ."

"ಒಳ್ಳೇದು, ಒಳ್ಳೇದು." ಇನ್ನೊಂದು ತುತ್ತು. "ನಮ್ಮುಡ್ಗ ಎಲ್ಲಾನ ಸಿಕ್ಕುದ್ರೆ ಒಂದ್ ಮಾತು ಯೋಳಿ. ನಿಮ್ಮಪ್ಪ ಹಸ್ಕಂಡು ಓಗ್ಲಿಲ್ಲ, ಯಾರೋ ಪುಣ್ಯಾತ್ಮ ಇಕ್ಕುದ ಅಂತ. ಅವ್ನಿಗೆ ಕ್ವಾಪ ಜಾಸ್ತಿ, ಮನ್ಸಿಗೆ ಅಚ್ಕತಾನೆ. ಕರೀನಿಲ್ಲ ಅಂತ ನಂಗೇನೂ ಇಲ್ಲ ಅನ್ನಿ."

ಅಶ್ವತ್ಥ ತಲೆಯಾಡಿಸಿದ. ಸಿಗರೇಟು ಹಚ್ಚಿಕೊಟ್ಟ. ಮುದುಕ ಎರಡು ದಮ್ಮು ಎಳೆದು, ಮೋಟೆಲ್ಲಿನ ಬಿಳಿಯ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, ಮೊಣಕಾಲು ಊರಿ ಎದ್ದ. ಗೋಡೆಯ ಕಡೆ ನಡೆದವನು ಏನೋ ನೆನಪಾದವನಂತೆ ನಿಂತು ಹಿಂದೆ ನೋಡಿದ.

"ಮುಂದ್ಲೊರ್ಸಾನೂ ಕರೀರಿ ಜಾನಪ್ಪ. ಅವ್ನು ಕರೀತಾನೋ ಇಲ್ವೋ, ನಂಬ್ಕಂಡು ಕೂರಕಾಗಕಿಲ್ಲ."

"ಕರೀತೀನಿ," ಅಂದ ಅವನು.